ಮರಕ್ಕೆ ಮುಖ, ಮನುಷ್ಯನಿಗೆ ಚುಕ್ಕೆ

ನೈಜ ಚಿತ್ರ ಅಂತಾರೆ. ಯಾರ ನೈಜ, ಸ್ವಾಮಿ?

ರುಮಾಲೆ ಚನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟ, ರಾಜಕಾರಣ, ಪತ್ರಿಕೆ ಎಲ್ಲ ಕಂಡು ಮತ್ತೆ ಕುಂಚ ಹಿಡಿದವರು. ಬೆಂಗಳೂರಿನ ಬಯಲಲ್ಲೇ ಈಸಲ್ ನಿಲ್ಲಿಸಿ ಹೂಬಿಟ್ಟ ಮರಗಳನ್ನು ಬರೆದರು. ಆ ಕೈಗೆ ನನ್ನ ಗೌರವವಿದೆ. ಆ ಬಣ್ಣದಲ್ಲಿ ಸುಳ್ಳಿಲ್ಲ. ಆದರೆ ಉದುರಿದ ಹೂವನ್ನು ನಸುಕಿನಲ್ಲೇ ಗುಡಿಸಿದವಳು ಎಲ್ಲಿ? ಮರಕ್ಕೆ ಮುಖ ಬಂತು, ಮನುಷ್ಯ ಬಣ್ಣದ ಚುಕ್ಕೆಯಾದ. ಇದು ರುಮಾಲೆಯವರೊಬ್ಬರ ಮೇಲಿನ ದೂರಲ್ಲ. ನಗರ ನೋಡೋ ಕಣ್ಣನ್ನೇ ನಮ್ಮ ಕಲಾಲೋಕ ಹಾಗೆ ಪಳಗಿಸಿದೆ: ಕೆರೆ, ಕಮಾನು, ಹೂವು. ನಗರ ತಾನೇ ಮೊಳಕೆಯೊಡೆದು ಬೆಳೆದಂತೆ!

ವಿಧಾನಸೌಧವನ್ನು ಎಷ್ಟು ಸಲ ಬರೆದರು! ಕಂಬದ ಗೀರು ಗೀರೂ ಇದೆ. 1956ರಲ್ಲಿ ಮುಗಿದ ಆ ಸೌಧಕ್ಕೆ ದುಡಿದವರಲ್ಲಿ ಸೆರೆಮನೆಯ ಕೈದಿಗಳಿದ್ದರು. ಅವರ ಬೆವರಿಗೆ ಯಾವ ಬಣ್ಣ ಕಲಸಿದಿರಿ? ರಾಯಚೂರು, ಬಳ್ಳಾರಿ ಸೀಮೆಯಿಂದ ಗುಳೆ ಹೋದವರು ಇಟ್ಟಿಗೆ ಹೊತ್ತು ತಗಡಿನ ಶೆಡ್ಡಿನಾಗ ಮಲಗ್ತಾರ. ಅದೂ ನಗರವೇ ಅಲ್ಲೇನು?

ಫ್ರಾನ್ಸಿನ ಗುಸ್ತಾವ್ ಕೂರ್ಬೆ 1849ರಲ್ಲಿ ಕಲ್ಲು ಒಡೆಯೋ ಇಬ್ಬರನ್ನು ಹೆಚ್ಚುಕಡಿಮೆ ಆಳೆತ್ತರಕ್ಕೆ ಬರೆದ. ದೇವರಿಗೂ ದೊರೆಗೂ ಮೀಸಲಾಗಿದ್ದ ಅಳತೆ ಅದು. ಆದರೂ ನೋಡ್ರಿ, ಮುದುಕನ ಮುಖ ಟೋಪಿಯ ನೆರಳಲ್ಲಿ, ಹುಡುಗನದು ಆಚೆ ತಿರುಗಿದೆ. ಆ ಚಿತ್ರವೂ 1945ರಲ್ಲಿ ಯುದ್ಧದ ಬಾಂಬಿಗೆ ನಾಶವಾಯಿತು.

ನಮ್ಮ ಸಿರುಗುಪ್ಪವೂ ಬೆಳೀತಿದೆ. ತುಂಗಭದ್ರೆಯ ಕಾಲುವೆ ಬಂತು, ಭತ್ತ ಬಂತು, ರೈಸ್ ಮಿಲ್ಲುಗಳು ಬಂದವು. ಊರಿನ ಚಿತ್ರ ಬರೀರಿ ಅಂದ್ರ ಹೊಳೆ, ಹಸಿರು ಗದ್ದೆ. ಆ ಗದ್ದೆಯಾಗ ನಾಟಿ ಹಚ್ಚೋ ಅವ್ವಂದಿರ ಬಾಗಿದ ಬೆನ್ನು ಮಾತ್ರ ಕಾಣ್ತದ, ಅದೂ 'ಸೊಬಗು' ಅನ್ನೋ ಲೆಕ್ಕದಾಗ. ಮಿಲ್ಲಿನ ಹೊಟ್ಟಿನ ಬೂದಿ ಒಣಹಾಕಿದ ಸೀರೆ ಮೇಲೆ ಕೂಡೋದು, ಚೀಲ ಹೊತ್ತು ಹೊತ್ತು ದಡ್ಡುಗಟ್ಟಿದ ಹಮಾಲನ ಹೆಗಲು ಸೊಬಗಿಗೆ ಒಗ್ಗೋದಿಲ್ಲ. ಅತ್ತ ಬಳ್ಳಾರಿಯಾಗ ಜೀನ್ಸ್ ತೊಳೆದ ನೀರು ಚರಂಡಿಯಾಗ ನೀಲಿಯಾಗಿ ಹರೀತದ. ಅಷ್ಟು ಕಡು ನೀಲಿ ಯಾವ ಕಲಾವಿದನ ತಟ್ಟೆಯಲ್ಲಿದೆ?

ಬೆಳೆಯೋ ಊರನ್ನ ದಿನಾ ಏಣಿ ಮೇಲಿಂದ ನೋಡಿದವರು ಬೋರ್ಡು ಬರೆಯೋರು. ಗಾಂಧಿ, ಅಂಬೇಡ್ಕರ್, ಎತ್ತು, ಟ್ರ್ಯಾಕ್ಟರು, ಏನು ಹೇಳಿದರೂ ಇದ್ದಂಗೇ ಇಳಿಸೋರು. ಗ್ಯಾಲರಿಯವರು ಅವರನ್ನು ಕಲಾವಿದರೆಂದು ಕರೆಯಲಿಲ್ಲ. ಫ್ಲೆಕ್ಸ್ ಬಂದು ಕೂಲಿಯನ್ನೂ ಕಸಿಯಿತು. ಆ ಕೈಗಳು ಇನ್ನೂ ಊರಾಗ ಅದಾವ, ಗೆಳೆಯರೇ. ಸಂಘದ ಗೋಡೆ ಕೊಡ್ರಿ, ಬಣ್ಣದ ರೊಕ್ಕ ಕೊಡ್ರಿ.

ಡ್ರಾಯಿಂಗ್ ಮೇಷ್ಟ್ರೇ, ಎರಡು ಗುಡ್ಡ, ನಡುವೆ ಸೂರ್ಯ ಬರೆಸೋದು ಸಾಕು ಮಾಡ್ರಿ. ಮಿಲ್ಲಿನಿಂದ ಬಂದ ಅಪ್ಪ ಕಾಲು ತೊಳೆಯೋದನ್ನ ಬರೆಸ್ರಿ. ಮುಖ ನಮ್ಮ ಕಡೆ ತಿರುಗಿರಲಿ.