ಶಾಲೆಗೊಂದು ತಿಗರಿ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಟ್ಟುವುದು ಕಷ್ಟ, ಕೆಡಹುವುದು ಸುಲಭ ಎಂಬ ಅದರ ತಾತ್ಪರ್ಯವನ್ನು ಎಲ್ಲರೂ ಬಲ್ಲರು. ಆದರೆ ಆ ಒಂದು ವರುಷವನ್ನು ಕುಂಬಾರನು ಯಾವ ಸಲಕರಣೆಯ ಮುಂದೆ ಕುಳಿತು ಕಳೆದನೆಂದು ಯೋಚಿಸಿದವರು ಕಡಿಮೆ. ಶಾಲೆಯಲ್ಲಿ ಮಣ್ಣಿನ ಕೆಲಸವನ್ನು ಕಲಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಇದೇ: ಮಕ್ಕಳನ್ನು ಎಂತಹ ಚಕ್ರದ ಮುಂದೆ ಕೂರಿಸಬೇಕು?

ಕೈಕಸುಬಿನ ಮೂಲಕ ಶಿಕ್ಷಣ ನಡೆಯಬೇಕೆಂಬ ವಿಚಾರವನ್ನು ಗಾಂಧೀಜಿಯವರು 1937ರಲ್ಲಿ ವಾರ್ಧಾದ ಸಮ್ಮೇಳನದ ಮುಂದಿಟ್ಟರು. ಸೇವಾಗ್ರಾಮದ ಶಾಲೆಯಲ್ಲಿ ಕಲಾಶಿಕ್ಷಕರಾಗಿದ್ದ ದೇವಿಪ್ರಸಾದರು ಸ್ವತಃ ಕುಂಬಾರಿಕೆಯಲ್ಲಿ ನುರಿತವರು. ಮಣ್ಣು ಪಾಠಶಾಲೆಯ ಒಳಗೆ ಬರುವುದು ಹೊಸ ಮಾತೇನೂ ಅಲ್ಲ. ಹೊಸದೆಂದರೆ ಇಂದಿನ ಅಂಗಡಿಯಲ್ಲಿ ದೊರೆಯುವ ಚಕ್ರಗಳ ವೈವಿಧ್ಯ, ಮತ್ತು ಅವುಗಳಲ್ಲಿ ಹೆಚ್ಚು ಹೊಳೆಯುವುದೇ ಹೆಚ್ಚು ಕಲಿಸುತ್ತದೆಂಬ ಭ್ರಮೆ.

ನಮ್ಮ ಹಳ್ಳಿಗಳ ತಿಗರಿಯನ್ನು ಮೊದಲು ನೋಡಬೇಕು. ನೆಲದಲ್ಲಿ ನೆಟ್ಟ ಗೂಟದ ಮೇಲೆ ತಿರುಗುವ ಭಾರವಾದ ಗಾಲಿ ಅದು. ಅದರ ಅಂಚಿನ ಗುಳಿಯಲ್ಲಿ ಕೋಲನ್ನಿಟ್ಟು ಕುಂಬಾರನು ರಭಸದಿಂದ ತಿರುವುತ್ತಾನೆ. ಕೋಲನ್ನು ಬದಿಗಿಟ್ಟು, ಬಾಗಿ, ಗಾಲಿಯ ವೇಗ ಇಳಿಯುವುದರೊಳಗೆ ಮಡಕೆಯ ಕಂಠವನ್ನು ಎತ್ತಿಬಿಡುತ್ತಾನೆ. ವಿಜ್ಞಾನದ ಪುಸ್ತಕದಲ್ಲಿ ಜಡತ್ವವೆಂದು ಓದುವ ವಿಷಯವನ್ನು ಅವನ ತೋಳು ಬಲ್ಲುದು. ಕುಂಬಾರ ಗುಂಡಯ್ಯನ ಮಡಕೆಯ ನಾದಕ್ಕೆ ಶಿವನೇ ಕುಣಿದನೆಂದು ಹರಿಹರನ ರಗಳೆ ಹೇಳುತ್ತದೆ. ಅಂತಹ ಕಾಯಕದ ಸಲಕರಣೆಯ ಮೇಲೆ ಅಭಿಮಾನ ಹುಟ್ಟುವುದು ಸಹಜ. ಆದರೂ ಶಾಲೆಗೆ ತಿಗರಿಯೊಂದೇ ಸಾಕೆನ್ನುವವರು ಅಭಿಮಾನವನ್ನು ಬೋಧನೆಯೊಡನೆ ಬೆರೆಸಿಬಿಡುತ್ತಾರೆ. ಬಾಲ್ಯದಿಂದ ಪಳಗಿದ ಒಬ್ಬನಿಗೆ ಒಗ್ಗಿದ ಚಕ್ರ ಅದು. ಹೊಸದಾಗಿ ಕಲಿಯುವ ಬಾಲಕಿ ಮಣ್ಣಿನ ಮುದ್ದೆಯನ್ನು ನಡುವಿಗೆ ತರುವಷ್ಟರಲ್ಲಿಯೇ ಗಾಲಿ ನಿಂತಿರುತ್ತದೆ. ಅವಳು ಕಲಿಯುವುದು ತನ್ನ ಕೈಲಾಗದೆಂಬ ಪಾಠವನ್ನು ಮಾತ್ರ.

ಇನ್ನು ವಿದ್ಯುತ್ ಚಕ್ರ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರ ಕುಟುಂಬಗಳಿಗೆ ಇಂತಹ ಚಕ್ರಗಳನ್ನು ಒದಗಿಸುವ ಯೋಜನೆಯೊಂದನ್ನು 2018ರಲ್ಲಿ ಆರಂಭಿಸಿತು. ದಿನವಿಡೀ ಒಂದೇ ಬಗೆಯ ಹಣತೆ, ಕುಡಿಕೆಗಳನ್ನು ಮಾಡಿ ಹೊಟ್ಟೆ ಹೊರೆಯುವವನಿಗೆ ಅದು ನಿಜವಾದ ವರವೇ ಸರಿ. ತೋಳಿನ ನೋವು ತಪ್ಪಿತು, ಕೆಲಸ ಹೆಚ್ಚಿತು. ಆದರೆ ಕಸುಬುದಾರನ ಅಗತ್ಯ ಬೇರೆ, ವಿದ್ಯಾರ್ಥಿಯ ಅಗತ್ಯ ಬೇರೆ. ವಿದ್ಯಾರ್ಥಿಗೆ ನೂರು ಕುಡಿಕೆಗಳು ಬೇಕಿಲ್ಲ. ಒಂದು ಕುಡಿಕೆ ಏಕೆ ಓರೆಯಾಯಿತೆಂದು ತಿಳಿದರೆ ಸಾಕು. ವೇಗವು ಯಂತ್ರದಿಂದ ಬಂದಾಗ ಓರೆಗೆ ಕಾರಣ ಕೈಯೋ ಚಕ್ರವೋ ಎಂಬುದು ಅವನಿಗೆ ಬೇಗ ತಿಳಿಯದು.

ಇವೆರಡರ ನಡುವೆ ಇನ್ನೊಂದು ಚಕ್ರವಿದೆ. ಕೆಳಗೆ ಭಾರವಾದ ಗಾಲಿ, ಮೇಲೆ ಮಣ್ಣನ್ನಿಡುವ ತಟ್ಟೆ, ಎರಡನ್ನೂ ಸೇರಿಸುವ ಕಬ್ಬಿಣದ ದಂಡ. ಪೀಠದ ಮೇಲೆ ಕುಳಿತವನು ಕೆಳಗಿನ ಗಾಲಿಯನ್ನು ಕಾಲಿನಿಂದ ತಳ್ಳುತ್ತಾನೆ. ಕೈಗಳೆರಡೂ ಮಣ್ಣಿಗೆ ಮೀಸಲು. ವೇಗ ಬೇಕಾದಾಗ ಕಾಲು ಚುರುಕಾಗುತ್ತದೆ, ಮಡಕೆಯ ಗೋಡೆ ತೆಳುವಾಗುತ್ತಿದ್ದಂತೆ ಕಾಲು ತಾನಾಗಿ ನಿಧಾನಿಸುತ್ತದೆ. ಕಣ್ಣು, ಕೈ, ಕಾಲುಗಳು ಒಂದೇ ಲಯಕ್ಕೆ ಬರುವ ಈ ಅಭ್ಯಾಸವೇ ಚಕ್ರದ ಮೊದಲ ಪಾಠ. ಊರಿನ ಬಡಗಿ ಮತ್ತು ಕಮ್ಮಾರ ಸೇರಿ ಇದನ್ನು ಮಾಡಬಲ್ಲರು, ಕೆಟ್ಟರೆ ಸರಿಪಡಿಸಬಲ್ಲರು. ಶಾಲೆಯು ಮೊದಲು ಕೊಳ್ಳಬೇಕಾದದ್ದು ಈ ಕಾಲುಚಕ್ರವನ್ನೇ.

ಹಾಗೆಂದು ವಿದ್ಯುತ್ ಚಕ್ರಕ್ಕೆ ಬಾಗಿಲು ಮುಚ್ಚುವುದು ಅನ್ಯಾಯ. ಕಾಲಿನಲ್ಲಿ ಶಕ್ತಿಯಿಲ್ಲದ ಮಗುವೊಂದು ತರಗತಿಯಲ್ಲಿದ್ದರೆ ಅದಕ್ಕೆ ಕೈಯಿಂದ ವೇಗವನ್ನು ಹೊಂದಿಸಬಹುದಾದ ವಿದ್ಯುತ್ ಚಕ್ರವೇ ಸಮಾನತೆಯ ಪೀಠ. ಆ ಒಂದು ಚಕ್ರವನ್ನು ಕೊಳ್ಳುವಾಗ ಅದು ಎಷ್ಟು ವೇಗವಾಗಿ ತಿರುಗುತ್ತದೆಂದು ಕೇಳುವವರೇ ಬಹಳ. ಎಷ್ಟು ನಿಧಾನವಾಗಿ ಕುಲುಕಾಡದೆ ತಿರುಗುತ್ತದೆ, ಅಂಗೈಯಿಂದ ಮಣ್ಣನ್ನು ಅದುಮಿದಾಗ ಮೋಟಾರು ಬಸವಳಿಯುತ್ತದೆಯೇ ಎಂದು ಕೇಳಬೇಕು. ನೀರು ಮತ್ತು ವಿದ್ಯುತ್ತು ಒಂದೆಡೆ ಸೇರುವಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ಉಳಿದ ಗುಣಗಳೆಲ್ಲ ವ್ಯರ್ಥ. ಎರಡೂ ದಿಕ್ಕಿಗೆ ತಿರುಗುವುದಾದರೆ ಎಡಗೈ ಬಳಸುವ ಮಗುವಿಗೂ ಅನುಕೂಲ. ಜಪಾನಿನ ಚಕ್ರ ಪ್ರದಕ್ಷಿಣವಾಗಿ ತಿರುಗಿದರೆ ಯುರೋಪಿನದು ಅಪ್ರದಕ್ಷಿಣವಾಗಿ ತಿರುಗುತ್ತದೆ. ಎರಡರಿಂದಲೂ ಸೊಗಸಾದ ಬಟ್ಟಲುಗಳೇ ಹುಟ್ಟಿವೆ.

ಎಷ್ಟು ಚಕ್ರಗಳು ಬೇಕು? ಇಲ್ಲಿ ಉತ್ಸಾಹಕ್ಕಿಂತ ಲೆಕ್ಕ ಮುಖ್ಯ. ತರಗತಿಯಲ್ಲಿ 40 ಮಕ್ಕಳು, ವಾರಕ್ಕೆ 40 ನಿಮಿಷಗಳ ಎರಡು ಅವಧಿಗಳು ಎಂದಿಟ್ಟುಕೊಂಡರೆ ದೊರೆಯುವುದು 80 ನಿಮಿಷ. ಒಬ್ಬರಿಗೆ 10 ನಿಮಿಷದಂತೆ ಒಂದು ಚಕ್ರದ ಮೇಲೆ 8 ಮಂದಿ ಕೂರಬಹುದು. ಪ್ರತಿಯೊಬ್ಬರ ಸರದಿ ಬರಲು ಐದು ವಾರ ಬೇಕು. ಐದು ವಾರಕ್ಕೊಮ್ಮೆ ಮುಟ್ಟಿದ್ದನ್ನು ಕೈ ಮರೆತುಬಿಡುತ್ತದೆ. ಹಾಗೆ ಉದ್ಘಾಟನೆಯ ದಿನ ಹೂಮಾಲೆ ಧರಿಸಿದ ಚಕ್ರವೊಂದು ಮೂಲೆಯಲ್ಲಿ ಧೂಳು ತಿನ್ನುವ ನೋಟ ಅಪೂರ್ವವಲ್ಲ. ದುಬಾರಿಯಾದ ಒಂದರ ಬದಲು ಸಾಧಾರಣವಾದ ಮೂರು ಕಾಲುಚಕ್ರಗಳಿದ್ದರೆ ಎರಡು ವಾರದೊಳಗೆ ಎಲ್ಲರ ಸರದಿಯೂ ಬರುತ್ತದೆ. ತಟ್ಟೆಯ ಮೇಲೆ ಕೂರುವ, ಮಡಕೆಯ ಸಮೇತ ಎತ್ತಿಡಬಹುದಾದ ಮರದ ಬಿಲ್ಲೆಗಳು ಹತ್ತಾರು ಇದ್ದರೆ ಹಸಿ ಮಡಕೆ ಆರುವವರೆಗೆ ಚಕ್ರ ಕಾಯಬೇಕಾಗಿಲ್ಲ. ಸರದಿಗಾಗಿ ಕಾಯುವ ಮಕ್ಕಳು ಮಣ್ಣಿನ ಸುರುಳಿಗಳನ್ನು ಹೊಸೆದು ಒಂದರ ಮೇಲೊಂದಿಟ್ಟು ಪಾತ್ರೆ ಕಟ್ಟಲಿ. ಚಕ್ರ ಹುಟ್ಟುವುದಕ್ಕೆ ಮೊದಲು ಮನುಷ್ಯನು ಪಾತ್ರೆ ಮಾಡಿದ್ದು ಹಾಗೆಯೇ.

ಊರಿನಲ್ಲಿ ಕುಂಬಾರರಿದ್ದರೆ ಚಕ್ರವನ್ನು ಆರಿಸುವ ದಿನ ಅವರನ್ನು ಕರೆಯುವುದು ಒಳಿತು. ಬೆಲೆಪಟ್ಟಿ ಹೇಳದ್ದನ್ನು ಅವರ ಅಂಗೈ ಹೇಳುತ್ತದೆ. ಕುಂಬಾರರ ಮನೆಯ ಹುಡುಗನೊಬ್ಬನು ತನ್ನ ತಂದೆ ಗುರುಗಳ ಕುರ್ಚಿಯ ಪಕ್ಕದಲ್ಲಿ ಕುಳಿತು ಸಲಹೆ ನೀಡುವುದನ್ನು ಸಹಪಾಠಿಗಳೆದುರು ಕಾಣುವುದೂ ಆ ದಿನದ ಲಾಭವೇ.

ಮೊದಲ ತಿಂಗಳು ಮಾಡಿದ ಯಾವ ಮಡಕೆಯನ್ನೂ ಸುಡುವ ಅವಸರ ಬೇಡ. ಹುರಿಯಿಂದ ಅದನ್ನು ನಡುವೆ ಸೀಳಿ, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳುವೆಂದು ಮಾಡಿದ ಮಗುವಿಗೇ ತೋರಿಸಿ, ಚೂರುಗಳನ್ನು ನೀರಿನ ತೊಟ್ಟಿಗೆ ಹಾಕಿದರೆ ಸಾಕು. ಸುಡದ ಮಣ್ಣು ಮತ್ತೆ ನೆನೆಯುತ್ತದೆ. ಹದಕ್ಕೆ ಬಂದ ಮೇಲೆ ಅದೇ ಮಣ್ಣು ಸರದಿಯಲ್ಲಿರುವ ಇನ್ನೊಬ್ಬರ ಚಕ್ರವನ್ನೇರುತ್ತದೆ.