ಬಣ್ಣ ಬಳಿದರೆ ಉದ್ಧಾರವೆ?

ಹಳೆಯ ಎಂ.ಜಿ.ಬಿ. ಕಾರಿಗೆ ಕೆಂಪು ಬಣ್ಣ ಬಳಿಸಿ, ‘ಮನೆಮಂದಿಯೆಲ್ಲ ಕೂಡಿ ಉದ್ಧರಿಸಿದೆವು’ ಎನ್ನುವ ಮಹನೀಯರನ್ನು ಕೇಳುತ್ತೇನೆ: ಒಳಗಿನ ತುಕ್ಕು ಕೆರೆದವರಾರು? 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್ನಿನಲ್ಲಿ ತಯಾರಾದ ಈ ಎರಡು ಸೀಟಿನ ಬಂಡಿಗೆ ಬೇರೆ ಚಾಸಿಯಿಲ್ಲ. ಬಾಗಿಲ ಕೆಳಗಿನ ಉಕ್ಕಿನ ಪಟ್ಟಿಗಳೂ ಭಾರ ಹೊರಬೇಕು. ನಮ್ಮ ಹಾರವಾಡದ ಉಪ್ಪುಗಾಳಿ ಅವನ್ನು ತಿನ್ನದೆ ಬಿಟ್ಟೀತೆ?

ಕನ್ನಡ ಮೇಷ್ಟ್ರಿಗೆ ಕಾರಿನ ಗೊಡವೆಯೇಕೆ ಎನ್ನಬೇಡಿ. ಓಲೆಗರಿಯಲ್ಲಿ ಹುಳು ತಿಂದ ಪದವನ್ನು ತನ್ನ ಪದದಿಂದ ಸದ್ದಿಲ್ಲದೆ ಮುಚ್ಚುವ ಸಂಪಾದಕನನ್ನು ನಾವು ವಂಚಕನೆನ್ನುತ್ತೇವೆ. ತುಕ್ಕಿನ ಮೇಲಿನ ಬಣ್ಣವೂ ಅಂಥದೇ.

2021ರ ನಿಯಮದಂತೆ 50 ವರ್ಷ ದಾಟಿದ ಇಂಥ ಕಾರಿಗೆ ಪ್ರತ್ಯೇಕ ನೋಂದಣಿಯುಂಟು. ನಿತ್ಯದ ಓಡಾಟಕ್ಕೆ ಅದು ಸಲ್ಲದು. ಹಾಗಿದ್ದಮೇಲೆ ಅವಸರವೇಕೆ? ಅಪ್ಪ ದುಡ್ಡೆಣಿಸಿ, ಮೆಕ್ಯಾನಿಕ್ ದುಡಿದು, ಮಕ್ಕಳು ಫೋಟೋಕ್ಕೆ ನಿಂತರೆ ಅದು ಮನೆಯವರ ಕೆಲಸವಾಗದು. ಮಗಳ ಕೈಗೆ ಸ್ಪ್ಯಾನರ್ ಕೊಡಿ; ಬಣ್ಣ ಕೊನೆಗಿರಲಿ.