ಸಾರಥಿಯ ಕಣ್ಣಿಗೂ ನಿದ್ದೆ ಬೇಕು

ಕಳೆದ ಬೇಸಿಗೆಯಲ್ಲಿ ನಾವು ಕೆಲವು ಬಂಧುಗಳು ಬಾಡಿಗೆಯ ವಾಹನದಲ್ಲಿ ಉಡುತಡಿಗೆ ಹೋಗಿದ್ದೆವು. ಅಕ್ಕಮಹಾದೇವಿಯ ಜನ್ಮಭೂಮಿಯನ್ನು ಕಣ್ತುಂಬ ಕಂಡು, ರಾತ್ರಿಯ ಪ್ರಸಾದ ಮುಗಿಸಿ ಹಿಂದಿರುಗುತ್ತಿದ್ದಾಗ, ಶಿರಾಳಕೊಪ್ಪ ದಾಟಿದ ಮೇಲೆ ವಾಹನವು ರಸ್ತೆಯ ಅಂಚಿಗೆ ಸರಿಯಿತು. ಗಾಲಿಗಳು ಜಲ್ಲಿಯ ಮೇಲೆ ಉರುಳಿದ ಸದ್ದಿಗೆ ಚಾಲಕನು ಬೆಚ್ಚಿ ಎಚ್ಚೆತ್ತನು. ಅಪಾಯವೇನೂ ಆಗಲಿಲ್ಲ. ವಿಚಾರಿಸಲಾಗಿ, ಹಿಂದಿನ ರಾತ್ರಿಯೆಲ್ಲ ಅವನು ಮದುವೆಯ ದಿಬ್ಬಣವನ್ನು ಕರೆದೊಯ್ದು, ನಸುಕಿನಲ್ಲಿ ನೇರವಾಗಿ ನಮ್ಮ ಮನೆಯ ಮುಂದೆ ಬಂದು ನಿಂತಿದ್ದನು. ‘ನಿದ್ದೆಯಾಗಿದೆಯೇನಪ್ಪಾ?’ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಬೇಗ ನಡೆಯೆಂದು ಅವಸರಪಡಿಸಿದವರು ಮಾತ್ರ ಹಲವರು.

ಅಂದು ಅನಾಹುತ ಘಟಿಸಿದ್ದರೆ ದಾಖಲೆಯಲ್ಲಿ ‘ಚಾಲಕನ ಅಜಾಗರೂಕತೆ’ ಎಂಬ ಎರಡು ಪದಗಳಷ್ಟೇ ಉಳಿಯುತ್ತಿದ್ದವು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಇಂತಹ ಸಾವುಗಳ ಹಿಂದಿರುವ ಮನುಷ್ಯಸ್ವಭಾವವನ್ನು ಅರಿಯುವುದಕ್ಕೆಂದೇ ಒಂದು ಶಾಸ್ತ್ರ ಬೆಳೆದಿದೆ.

ಅದರ ವಿಧಾನಗಳು ಹಲವು. 1990ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜೇಮ್ಸ್ ರೀಸನ್ ಮತ್ತು ಸಂಗಡಿಗರು ಚಾಲಕರಿಗೆ ಪ್ರಶ್ನಾವಳಿ ಕೊಟ್ಟು, ಮರೆವು, ತಪ್ಪೆಣಿಕೆ ಹಾಗೂ ಬೇಕೆಂದೇ ನಿಯಮ ಮೀರುವಿಕೆಗಳನ್ನು ಬೇರೆಬೇರೆಯಾಗಿ ಗುರುತಿಸಿದರು. ದಂಡವು ಮೂರನೆಯದಕ್ಕೆ ಮದ್ದಾದೀತು, ಮರೆವಿಗೆ ಆಗದು. ಆದರೆ ಕೇಳಿದಾಗ ಎಲ್ಲರೂ ನಿಜ ನುಡಿಯುವರೇ? ಅದಕ್ಕಾಗಿ ಪ್ರಯೋಗಶಾಲೆಯಲ್ಲಿ ಕೃತಕ ವಾಹನವನ್ನು ನಡೆಸಲು ಕೊಟ್ಟು ಪರೀಕ್ಷಿಸುವರು. ಅಲ್ಲಿ ತಪ್ಪಿದರೂ ಪ್ರಾಣಹಾನಿಯಿಲ್ಲ. ಅಮೆರಿಕದ ವರ್ಜೀನಿಯಾದ ಸಂಶೋಧಕರು ಇನ್ನೂ ಮುಂದೆ ಹೋಗಿ, 100 ಕಾರುಗಳಲ್ಲಿ ಕ್ಯಾಮೆರಾಗಳನ್ನಿಟ್ಟು ವರ್ಷಕಾಲ ಗಮನಿಸಿದರು. 2006ರ ಅವರ ವರದಿಯಂತೆ, ಶೇಕಡ 80ರಷ್ಟು ಡಿಕ್ಕಿಗಳಲ್ಲಿ, ಡಿಕ್ಕಿಗೆ ಮುಂಚಿನ ಮೂರು ಸೆಕೆಂಡುಗಳೊಳಗೆ ಚಾಲಕನ ಗಮನ ಬೇರೆಡೆಗಿತ್ತು, ಇಲ್ಲವೆ ತೂಕಡಿಕೆಯಿತ್ತು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಪೊಲೀಸ್ ಮತ್ತು ಆಸ್ಪತ್ರೆಗಳ ದಾಖಲೆಗಳನ್ನು ಕೂಡಿಸಿ ಅಪಘಾತಗಳನ್ನು ಅಭ್ಯಸಿಸಿದ್ದಾರೆ.

ಮೂರು ಸೆಕೆಂಡು ಅಲ್ಪವೆನ್ನಬೇಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ವಾಹನವು 50 ಮೀಟರ್ ಓಡಿರುತ್ತದೆ. ಕಣ್ಣು ಮುಚ್ಚಿದವನ ಕೈಯಲ್ಲಿ! ನಡುರಾತ್ರಿ ಕಳೆದು ಬೆಳಗಾಗುವವರೆಗೆ ನಿದ್ದೆಯ ಸೆಳೆತ ಅತಿ ಪ್ರಬಲ. ಚಹಾ ಅದನ್ನು ತುಸುಹೊತ್ತು ಮುಂದೂಡೀತೇ ಹೊರತು ನೀಗದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ದಿನಕ್ಕೆ 8 ಗಂಟೆಯ ದುಡಿಮೆಯೆಂದು ಮಿತಿ ಹಾಕಿತ್ತು. ಬಾಡಿಗೆ ಗೊತ್ತುಮಾಡುವಾಗ ದರದಲ್ಲಿ ಚೌಕಾಸಿ ಮಾಡುವ ನಾವು ಈ ಲೆಕ್ಕವನ್ನು ಕೇಳುವುದುಂಟೇ?

ಆದ್ದರಿಂದ ಕುಟುಂಬದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಹೊರಡುವ ಮುನ್ನ ಸಾರಥಿಯ ನಿದ್ದೆಯನ್ನು ವಿಚಾರಿಸಿರಿ. ದೂರದ ಪಯಣವಾದರೆ ರಾತ್ರಿ ತಂಗಿ, ಬೆಳಗಾದ ಮೇಲೆ ಹೊರಡಿರಿ. ಪಂಕ್ತಿಯಲ್ಲಿ ಅವನಿಗೂ ಎಡೆ ಹಾಕಿಸಿ, ನಿಮಗೆ ಹಾಸಿದಂತೆಯೇ ಅವನಿಗೂ ಒಂದು ಹಾಸಿಗೆ ಹಾಸಿಸಿರಿ. ಕಾಯಕಕ್ಕೆ ಗೌರವ ಸಲ್ಲಿಸುವೆವೆನ್ನುವ ನಾವು, ಕಾಯಕ ಮಾಡುವವನ ದಣಿವನ್ನೂ ಅರಿಯಬೇಕಲ್ಲವೇ?